ಚಿಕ್ಕ ಕಾರಿಗೆ ಸ್ಯಾಟಲೈಟ್ ರೇಡಿಯೊ ನೀವೇ ಕೂರಿಸಿ

ಅಮೆರಿಕ, ಕೆನಡಾದಲ್ಲಿ ಹಳೆಯ ಹೋಂಡಾ ಫಿಟ್ ಥರದ ಚಿಕ್ಕ ಕಾರು ಓಡಿಸುವವರು ಸಿರಿಯಸ್ ಎಕ್ಸ್‌ಎಂ (ಚಂದಾ ಕಟ್ಟಿ ಕೇಳುವ ಸ್ಯಾಟಲೈಟ್ ರೇಡಿಯೊ ಸೇವೆ) ರಿಸೀವರ್ ಅನ್ನು ಮನೆ ಮುಂದೆಯೇ ಕೂರಿಸಬಹುದು.

ಆಂಟೆನಾ ಸರಿಯಾಗಿ ಕೂತರೆ ಮುಕ್ಕಾಲು ಕೆಲಸ ಆದ ಹಾಗೆ. ಅದರ ಬುಡದಲ್ಲಿ ಅಯಸ್ಕಾಂತ ಇರುತ್ತದೆ. ಸುಮ್ನೆ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ, ಅದಕ್ಕೆ ಆಕಾಶ ಪೂರ್ತಿ ಕಾಣಬೇಕು. ಕಾರಿನ ಮೇಲ್ಭಾಗದ ತಗಡನ್ನು ಒರೆಸಿ, ಸುತ್ತ ಕನಿಷ್ಠ 3 ಇಂಚು ತಗಡು ಇರುವ ಹಾಗೆ ಕೂರಿಸಿ. ಲಗೇಜ್ ಕ್ಯಾರಿಯರ್ ಇದ್ದರೆ ಅದರಿಂದ ದೂರ ಇರಲಿ.

ಕೇಬಲ್ಲನ್ನು ಹಿಂಬಾಗಿಲ ರಬ್ಬರ್ ಪಟ್ಟಿಯ ಒಳಗೆ ಬೆರಳಿನಿಂದಲೇ ತೂರಿಸಿ. ಪಟ್ಟಿಯ ತೀರಾ ಕೆಳಭಾಗದಲ್ಲಿ ಒಳಗೆ ತೆಗೆದುಕೊಂಡರೆ ಮಳೆನೀರು ಅದರ ಜೊತೆ ಒಳಬರುವುದಿಲ್ಲ. ಕೀಲಿನ ಹತ್ತಿರ ಸ್ವಲ್ಪ ಸಡಿಲ ಬಿಡಿ. ಉಳಿದ ಕೇಬಲ್ಲನ್ನು ಕತ್ತರಿಸಬೇಡಿ, ಸುತ್ತಿ ಸೀಟಿನ ಕೆಳಗಿಡಿ. ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಜಾಗದಲ್ಲಿ ಮಾತ್ರ ಕೇಬಲ್ ಆಗಲಿ, ರಿಸೀವರ್ ಆಗಲಿ ಬೇಡವೇ ಬೇಡ.

ರಿಸೀವರ್ ದನಿಯನ್ನು ಕಾರಿನ ಸ್ಟೀರಿಯೊಗೆ ಕೊಡಲು ಆಕ್ಸ್ ಕಿಂಡಿ (ಹೊರಗಿನ ಸಾಧನದ ವೈರ್ ಚುಚ್ಚುವ ಜಾಗ) ಇದ್ದರೆ ಅದನ್ನೇ ಬಳಸಿ, ದನಿ ಶುದ್ಧವಾಗಿರುತ್ತದೆ. ರಿಸೀವರ್ ದನಿಯನ್ನು ಖಾಲಿ ಎಫ್‌ಎಂ ಫ್ರೀಕ್ವೆನ್ಸಿಯಲ್ಲಿ ಕಳಿಸಿ ಕಾರಿನ ಎಫ್‌ಎಂ ರೇಡಿಯೊ ಮೂಲಕ ಕೇಳಿದರೆ ಊರು ದಾಟಿದಂತೆ ಖಾಲಿ ಫ್ರೀಕ್ವೆನ್ಸಿ ಹುಡುಕಬೇಕಾಗುತ್ತದೆ, ದೂರ ಹೋಗುವವರಿಗೆ ಅದು ಜಾಸ್ತಿ ಕಿರಿಕಿರಿ.

ಕೊನೆಗೆ 0ನೇ ಚಾನೆಲ್‌ನಲ್ಲಿ ಕಾಣುವ ರೇಡಿಯೊ ಐಡಿಯನ್ನು (ನಿಮ್ಮ ರಿಸೀವರ್‌ನ ಗುರುತಿನ ಸಂಖ್ಯೆ) ಸಿರಿಯಸ್ ಎಕ್ಸ್‌ಎಂಗೆ ಕೊಟ್ಟು ಆ್ಯಕ್ಟಿವೇಟ್ ಮಾಡಿಸಿ. ಆಗ ಕಾರು ಗ್ಯಾರೇಜಿನಲ್ಲಿರದೆ ಬಯಲಲ್ಲಿ ನಿಂತಿರಲಿ, ರೇಡಿಯೊ ಆನ್ ಆಗಿರಲಿ.