ಭೂಕಂಪದ ನಂತರದ ಹಾಸ್ಟೆಲ್: ಸುದ್ದಿಗಾಗಿ ಕಾದ ಮಕ್ಕಳ ಜೊತೆಗೆ

ವಸತಿ ಶಾಲೆಯಲ್ಲಿರುವ ಮಗುವಿಗೆ ಭೂಕಂಪವೆಂದರೆ ಎರಡು ಭಯ. ತಾನು ನಿಂತ ನೆಲ ಮತ್ತೆ ಅಲುಗೀತೆಂಬುದು ಒಂದು. ತನ್ನ ಕಣ್ಣಿಗೆ ಕಾಣದ ಊರಿನಲ್ಲಿ ಅಪ್ಪ ಅಮ್ಮ ಏನಾದರೋ ಎಂಬುದು ಇನ್ನೊಂದು. ಮನೆಯಲ್ಲಿರುವ ಮಗು ಆದದ್ದನ್ನು ಕಣ್ಣಾರೆ ಕಂಡು ಅಳುತ್ತದೆ. ಹಾಸ್ಟೆಲಿನ ಮಗು ಏನು ಹೋಯಿತು, ಏನು ಉಳಿಯಿತು ಎಂಬುದೇ ತಿಳಿಯದೆ ಕಾಯಬೇಕಾಗುತ್ತದೆ. ನಮ್ಮ ಪ್ರದೇಶದಲ್ಲಿ ದೊಡ್ಡ ಭೂಕಂಪವಾದಾಗ ನಾನು ಹೆಣ್ಣುಮಕ್ಕಳ ನಿಲಯದ ವಾರ್ಡನ್ ಆಗಿದ್ದೆ. ಕಟ್ಟಡ ಬಿರುಕು ಬಿಟ್ಟಿತೇ ಹೊರತು ಬೀಳಲಿಲ್ಲ. ಮಕ್ಕಳೆಲ್ಲರೂ ಹೊರಗೆ ಬಂದರು. ಅಲ್ಲಿಂದ ಮುಂದಿನ ವಾರಗಳಲ್ಲಿ ನನ್ನ ಕೆಲಸದ ಬಹುಪಾಲು ಸುದ್ದಿಯ ಕೆಲಸವಾಗಿತ್ತು: ಸುದ್ದಿ ತರಿಸುವುದು, ಅದು ನಿಜವೇ ಎಂದು ವಿಚಾರಿಸುವುದು, ಮಗುವಿಗೆ ತಿಳಿಸುವುದು, ಸುದ್ದಿ ಬಾರದ ಮಕ್ಕಳ ಜೊತೆಗಿರುವುದು. ಅದನ್ನು ನಾವು ಹೇಗೆ ಮಾಡಿದೆವು ಎಂಬುದನ್ನು ಇಂಥದೇ ಹೊಣೆ ಹೊತ್ತಿರುವವರಿಗಾಗಿ ಬರೆಯುತ್ತಿದ್ದೇನೆ.

ಎಲ್ಲಕ್ಕೂ ಮೊದಲು ಹಾಜರಿ. ಆಟದ ಮೈದಾನದಲ್ಲಿ ಮಕ್ಕಳನ್ನು ತರಗತಿವಾರು ನಿಲ್ಲಿಸದೆ ಕೋಣೆವಾರು ಕೂರಿಸಿ, ಪ್ರತಿ ಕೋಣೆಯ ನಾಯಕಿಯಿಂದ ಹೆಸರು ಕೂಗಿಸಿದೆವು; ಪಕ್ಕದ ಹಾಸಿಗೆಯಲ್ಲಿ ಮಲಗುವವಳು ಎಲ್ಲಿದ್ದಾಳೆಂಬುದು ಕೋಣೆಯವರಿಗೇ ಮೊದಲು ಗೊತ್ತಾಗುತ್ತದೆ. ರಜೆಯ ಮೇಲೆ ಹೋದವರ ಪುಸ್ತಕ, ಅನಾರೋಗ್ಯದವರ ಕೋಣೆಯ ಪಟ್ಟಿ, ರಾತ್ರಿ ಹಾಜರಿ ಇವು ಮೂರನ್ನೂ ಎದುರುಬದುರು ಇಟ್ಟುಕೊಂಡು ತಾಳೆ ನೋಡಿದ ಮೇಲೆಯೇ ಎಲ್ಲರೂ ಇದ್ದಾರೆಂದು ಮುಖ್ಯೋಪಾಧ್ಯಾಯರಿಗೆ ಬರೆದು ಕೊಟ್ಟೆ. ವಿದ್ಯುತ್ ಹೋಗಿತ್ತು, ಕಂಪ್ಯೂಟರುಗಳಿದ್ದ ಕಚೇರಿಯೊಳಕ್ಕೆ ಹೋಗುವಂತಿರಲಿಲ್ಲ. ಕಾಗದದ ಮೇಲಿದ್ದ ದಾಖಲೆಗಳೇ ಆ ಹೊತ್ತಿನಲ್ಲಿ ಕೈಹಿಡಿದವು.

ನಂತರ ಮನೆಗಳಿಗೆ ತಿಳಿಸುವ ಕೆಲಸ. ವಿಪತ್ತಿನ ಮೊದಲ ಗಂಟೆಗಳಲ್ಲಿ ಎಲ್ಲರೂ ಒಮ್ಮೆಲೇ ಕರೆ ಮಾಡುವುದರಿಂದ ಸ್ಥಳೀಯ ದೂರವಾಣಿ ಜಾಲ ತುಂಬಿಹೋಗುತ್ತದೆ. ಆಗ ಮಾತಿನ ಕರೆಗಿಂತ ಕಿರು ಸಂದೇಶ ತಲುಪುವ ಸಾಧ್ಯತೆ ಹೆಚ್ಚು, ಹಾನಿಯಾದ ಪ್ರದೇಶದೊಳಗಿನ ಕರೆಗಿಂತ ದೂರದ ಊರಿಗೆ ಮಾಡಿದ ಕರೆ ಹೋಗುವ ಸಾಧ್ಯತೆ ಹೆಚ್ಚು. ನಮ್ಮಲ್ಲಿ ಪ್ರವೇಶದ ಅರ್ಜಿಯಲ್ಲೇ ಬೇರೆ ಪ್ರಾಂತದಲ್ಲಿರುವ ಬಂಧುವೊಬ್ಬರ ಸಂಖ್ಯೆಯನ್ನು ಬರೆಸಿಕೊಳ್ಳುವ ಪದ್ಧತಿ ಇತ್ತು. ಆ ದೂರದ ಚಿಕ್ಕಮ್ಮ, ದೊಡ್ಡಪ್ಪಂದಿರೇ ನಮಗೂ ಮನೆಯವರಿಗೂ ನಡುವಿನ ಕೊಂಡಿಯಾದರು. ಸಂದೇಶ ಎಲ್ಲರಿಗೂ ಒಂದೇ ಬಗೆಯದು: ಮಗುವಿನ ಹೆಸರು, ಕ್ಷೇಮವಾಗಿದ್ದಾಳೆ ಎಂಬ ಮಾತು, ಎಲ್ಲಿದ್ದಾಳೆ ಎಂಬ ವಿವರ, ರಸ್ತೆ ತೆರೆಯುವವರೆಗೆ ಹೊರಟು ಬರಬೇಡಿ ಎಂಬ ಕೋರಿಕೆ.

ಮನೆಗಳಿಂದ ಬರುವ ಸುದ್ದಿಗೆ ಒಂದು ಪ್ರತ್ಯೇಕ ಪುಸ್ತಕ ಮಾಡಿದೆವು. ಪ್ರತಿ ಮಗುವಿಗೆ ಒಂದು ಪುಟ. ಸುದ್ದಿ ಯಾರು ಹೇಳಿದರು, ಯಾವಾಗ ಹೇಳಿದರು, ಅವರು ಕಣ್ಣಾರೆ ಕಂಡರೇ ಅಥವಾ ಇನ್ನೊಬ್ಬರಿಂದ ಕೇಳಿದರೇ ಎಂಬುದನ್ನು ಬರೆಯದೆ ಯಾವ ಸುದ್ದಿಯನ್ನೂ ಅದರಲ್ಲಿ ಸೇರಿಸುತ್ತಿರಲಿಲ್ಲ. ಮನೆಯವರ ದನಿಯನ್ನೇ ಕೇಳಿದ್ದರೆ ಒಂದು ಗುರುತು, ಕಂಡವರು ಹೇಳಿದ್ದರೆ ಇನ್ನೊಂದು, ಗಾಳಿಮಾತಾಗಿದ್ದರೆ ಮತ್ತೊಂದು. ಗಾಳಿಮಾತನ್ನು ನಾವಾಗಿ ಮಗುವಿಗೆ ಹೇಳುತ್ತಿರಲಿಲ್ಲ. ಆದರೆ ಅದು ಹೇಗೋ ಮಗುವಿನ ಕಿವಿಗೆ ಬಿದ್ದು ಅವಳೇ ಬಂದು ಕೇಳಿದರೆ, ನಾವೂ ಅದನ್ನು ಕೇಳಿದ್ದೇವೆ, ಕಂಡವರು ಯಾರೂ ಇನ್ನೂ ಸಿಕ್ಕಿಲ್ಲ ಎಂದು ಇದ್ದದ್ದನ್ನು ಇದ್ದಂತೆ ಹೇಳುತ್ತಿದ್ದೆವು.

ಸುದ್ದಿ ಹೇಳಲು ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಎಂದು ಗೊತ್ತುಮಾಡಿದೆವು. ಇದು ಸಣ್ಣ ವಿಷಯವೆಂದು ಕಾಣಬಹುದು, ಆದರೆ ನಾವು ಮಾಡಿದ್ದರಲ್ಲಿ ಇದಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಬೇರೊಂದಿಲ್ಲ ಎಂದು ನಾನು ನಂಬುತ್ತೇನೆ. ಅದಕ್ಕೆ ಮೊದಲು ಮಕ್ಕಳು ಇಡೀ ದಿನ ನನ್ನ ಮೇಜಿನ ಸುತ್ತಲೇ ಇರುತ್ತಿದ್ದರು, ಫೋನು ಸದ್ದು ಮಾಡಿದಾಗಲೆಲ್ಲ ಎಲ್ಲರ ಮುಖವೂ ಒಮ್ಮೆಲೇ ಇತ್ತ ತಿರುಗುತ್ತಿತ್ತು. ಹೊತ್ತು ಗೊತ್ತಾದ ಮೇಲೆ ಅವರಿಗೆ ನಡುವಿನ ಗಂಟೆಗಳು ಸಿಕ್ಕವು. ಆಡಲು, ಮಲಗಲು, ತಲೆ ಬಾಚಿಕೊಳ್ಳಲು ಮನಸ್ಸು ಬಂತು. ಸುದ್ದಿಯನ್ನು ಮೈಕಿನಲ್ಲಿ ಕೂಗದೆ, ಫಲಕದ ಮೇಲೂ ಬರೆಯದೆ ಒಬ್ಬೊಬ್ಬರನ್ನೇ ಕರೆದು ಹೇಳಿದೆವು, ಏಕೆಂದರೆ ಒಬ್ಬಳ ಮನೆಯವರೆಲ್ಲ ಸುರಕ್ಷಿತ ಎಂಬ ಮಾತನ್ನು ಇನ್ನೂ ಏನೂ ತಿಳಿಯದ ಇನ್ನೊಬ್ಬಳು ಪಕ್ಕದಲ್ಲೇ ನಿಂತು ಕೇಳುವುದು ಬಹಳ ಕಷ್ಟ. ಸುದ್ದಿ ಇಲ್ಲದವರನ್ನೂ ತಪ್ಪದೆ ಕರೆಯುತ್ತಿದ್ದೆವು. ಎಂಟನೇ ತರಗತಿಯ ಹುಡುಗಿಯೊಬ್ಬಳು ಪ್ರತಿ ಸಂಜೆಯೂ ಬಂದು, “ಮೇಡಂ, ನಮ್ಮ ಮನೆಯಿಂದ ಏನಾದರೂ ಬಂತಾ?” ಎಂದು ಕೇಳುವಳು. ನಾನು ಪುಸ್ತಕವನ್ನು ಅವಳ ಕಡೆಗೆ ತಿರುಗಿಸಿ ಅವಳ ಪುಟವನ್ನೇ ತೋರಿಸುತ್ತಿದ್ದೆ: ಇವತ್ತು ಇಂಥವರಿಗೆ ಸಂದೇಶ ಕಳಿಸಿದೆವು, ನಿಮ್ಮ ಊರಿನ ಕಡೆ ಹೊರಟ ಲಾರಿಯವರ ಕೈಯಲ್ಲಿ ಚೀಟಿ ಕೊಟ್ಟೆವು, ಉತ್ತರ ಬಂದಿಲ್ಲ. ಅವಳು ಬೆರಳಿಟ್ಟು ಸಾಲುಸಾಲಾಗಿ ಓದಿ, ತಲೆಯಾಡಿಸಿ ಹೋಗುತ್ತಿದ್ದಳು. ತನ್ನನ್ನು ಮರೆತಿಲ್ಲ ಎಂಬುದಕ್ಕೆ ಆ ಪುಟ ಅವಳಿಗೆ ಸಾಕ್ಷಿಯಾಗಿತ್ತು.

ಬಹಳ ಕಾಲ ಸುದ್ದಿ ಸಿಗದ ಮಕ್ಕಳ ವಿವರಗಳನ್ನು ರೆಡ್ ಕ್ರಾಸ್‌ಗೆ ಕೊಟ್ಟೆವು. ಬೇರ್ಪಟ್ಟ ಕುಟುಂಬದವರನ್ನು ಹುಡುಕಿ ಸಂಪರ್ಕ ಕಲ್ಪಿಸುವ ಕೆಲಸವನ್ನು ಆ ಸಂಸ್ಥೆ 1870ರ ಫ್ರಾನ್ಸ್‌–ಪ್ರಷ್ಯ ಯುದ್ಧದ ಕಾಲದಿಂದಲೂ ಮಾಡುತ್ತಾ ಬಂದಿದೆ. ಯುದ್ಧಕ್ಕೆ ಮಾತ್ರವಲ್ಲ, ಪ್ರಕೃತಿ ವಿಕೋಪಗಳಿಗೂ ಆ ಸೇವೆ ಇದೆ ಎಂಬುದು ಅನೇಕ ವಸತಿ ಶಾಲೆಗಳಿಗೆ ತಿಳಿದಿಲ್ಲ.

ಮನೆಯ ಸುದ್ದಿಯಷ್ಟೇ ಮುಖ್ಯವಾಗಿ ಬೇಕಾದದ್ದು ನೆಲದ ಸುದ್ದಿ. ಇಂದು ರಾತ್ರಿ ಇಷ್ಟು ಗಂಟೆಗೆ ಇನ್ನೂ ದೊಡ್ಡದು ಬರುತ್ತದಂತೆ ಎಂಬ ಮಾತು ಮೈದಾನದಲ್ಲಿ ಹಬ್ಬಿದರೆ ಒಬ್ಬರೂ ಮಲಗುತ್ತಿರಲಿಲ್ಲ. ಇನ್ನೇನೂ ಆಗುವುದಿಲ್ಲ ಎಂದು ಸಮಾಧಾನ ಹೇಳಲು ನಮ್ಮ ವಿಜ್ಞಾನ ಶಿಕ್ಷಕರು ಒಪ್ಪಲಿಲ್ಲ, ಅದು ಸರಿಯಾದ ನಿರ್ಧಾರವಾಗಿತ್ತು. ಭೂಕಂಪದ ದಿನ, ಗಂಟೆಯನ್ನು ಮುಂಚಿತವಾಗಿ ಹೇಳಬಲ್ಲವರು ಜಗತ್ತಿನಲ್ಲಿ ಯಾರೂ ಇಲ್ಲ. ಆದರೆ ಮರುಕಂಪನಗಳ ಸಂಖ್ಯೆ ದಿನ ಕಳೆದಂತೆ ಇಳಿಯುತ್ತಾ ಹೋಗುತ್ತದೆ ಎಂಬುದನ್ನು ಜಪಾನಿನ ವಿಜ್ಞಾನಿ ಫುಸಾಕಿಚಿ ಒಮೋರಿ 1894ರಲ್ಲೇ ತೋರಿಸಿದ್ದರು ಎಂದು ಅವರು ವಿವರಿಸಿದರು. ಸಂಖ್ಯೆ ಇಳಿದರೂ ನಡುವೆ ದೊಡ್ಡದೊಂದು ಬರಬಹುದೆಂಬುದನ್ನೂ ಮುಚ್ಚಿಡಲಿಲ್ಲ: ನೇಪಾಳದಲ್ಲಿ 2015ರ ಏಪ್ರಿಲ್ 25ರಂದು 7.8 ತೀವ್ರತೆಯ ಭೂಕಂಪವಾದ ಮೇಲೆ, ಮೇ 12ರಂದು 7.3 ತೀವ್ರತೆಯ ಇನ್ನೊಂದು ಆಗಿತ್ತು. ಹಿರಿಯ ವಿದ್ಯಾರ್ಥಿನಿಯರು ಅನುಭವಕ್ಕೆ ಬಂದ ಪ್ರತಿ ಕಂಪನವನ್ನೂ ಕಪ್ಪುಹಲಗೆಯ ಮೇಲೆ ಗುರುತು ಹಾಕಿ ನಕ್ಷೆ ಬರೆಯತೊಡಗಿದರು. ದಿನೇ ದಿನೇ ಗಿಡ್ಡವಾಗುತ್ತಿದ್ದ ಆ ಗೆರೆಗಳನ್ನು ನೋಡಲು ಚಿಕ್ಕ ಮಕ್ಕಳೂ ಬರುತ್ತಿದ್ದರು. ಕಂಪನವಾದಾಗ ಮಾಡಬೇಕಾದದ್ದನ್ನೂ, ಎಂದರೆ ಕೆಳಗೆ ಬಾಗಿ, ತಲೆ ಕತ್ತನ್ನು ಮುಚ್ಚಿಕೊಂಡು, ಆಸರೆಯನ್ನು ಗಟ್ಟಿಯಾಗಿ ಹಿಡಿಯುವುದನ್ನು, ಆ ಹಲಗೆಯ ಎದುರೇ ಅಭ್ಯಾಸ ಮಾಡಿಸಿದೆವು. ಚಪ್ಪಲಿ ಮತ್ತು ಟಾರ್ಚು ಹಾಸಿಗೆಯ ಪಕ್ಕದಲ್ಲೇ ಇರಬೇಕೆಂಬ ನಿಯಮ ಆಗಿನಿಂದ ಬಂತು. ಭೂಕಂಪದ ನಂತರ ಆಗುವ ಗಾಯಗಳಲ್ಲಿ ಒಡೆದ ಗಾಜು ತುಳಿದು ಆಗುವವು ಕಡಿಮೆಯೇನಲ್ಲ.

ರಾತ್ರಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಾಸಿಗೆ ಒದ್ದೆ ಮಾಡಿಕೊಂಡವರು, ಬಾಗಿಲ ಸದ್ದಿಗೆ ಬೆಚ್ಚಿದವರು, ಮಾತನ್ನೇ ಬಿಟ್ಟವರು ಎಲ್ಲ ವಯಸ್ಸಿನಲ್ಲೂ ಇದ್ದರು, ಬಹುಪಾಲು ಮಕ್ಕಳಲ್ಲಿ ಇವು ಕೆಲವು ವಾರಗಳಲ್ಲಿ ತಾವಾಗಿ ಕಡಿಮೆಯಾದವು. ಆಗದವರನ್ನು ವೈದ್ಯರಿಗೆ ತೋರಿಸಿದೆವು. ಒದ್ದೆಯಾದ ಬಟ್ಟೆಯನ್ನು ಯಾರಿಗೂ ಕಾಣದಂತೆ ಬದಲಾಯಿಸುವ ವ್ಯವಸ್ಥೆ ಮಾಡಿದ್ದೆವು. ಒಳ್ಳೆಯ ಮನಸ್ಸಿನಿಂದಲೇ ಬಂದ ಕೆಲವರು, ಮಕ್ಕಳನ್ನು ವೃತ್ತವಾಗಿ ಕೂರಿಸಿ ಆದದ್ದನ್ನೆಲ್ಲ ಹೇಳಿಸಿದರೆ ಮನಸ್ಸು ಹಗುರಾಗುತ್ತದೆ ಎಂದರು. ನಾನು ಬೇಡವೆಂದೆ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ, ಆದದ್ದನ್ನು ವಿವರವಾಗಿ ಹೇಳುವಂತೆ ಯಾರನ್ನೂ ಒತ್ತಾಯಿಸಬಾರದೆಂದೇ ತಿಳಿಸುತ್ತದೆ. ನೋಡುವುದು, ಕೇಳಿಸಿಕೊಳ್ಳುವುದು, ಬೇಕಾದ ನೆರವಿನೊಡನೆ ಜೋಡಿಸುವುದು ಎಂಬ ಮೂರೇ ಅದರ ತಿರುಳು. ಹೇಳಬೇಕೆನಿಸಿದ ಮಗು ಹೇಳುತ್ತದೆ. ಆಗ ಕೇಳಲು ಪರಿಚಯದವರೇ ಅಲ್ಲಿ ಇರಬೇಕು.

ರಸ್ತೆ ತೆರೆದ ಮೇಲೆ ಮಕ್ಕಳನ್ನು ಕರೆದೊಯ್ಯಲು ಜನ ಬರತೊಡಗಿದರು. ಬಂದವರೆಲ್ಲ ತಂದೆ ತಾಯಿಯರಲ್ಲ. ನೆರೆಯವರು, ದೂರದ ನೆಂಟರು, ತಾವು ಬಂಧುಗಳೆಂದು ಹೇಳಿಕೊಂಡವರು. ವಿಪತ್ತಿನ ನಂತರದ ಗೊಂದಲ ಮಕ್ಕಳ ಕಳ್ಳಸಾಗಣೆಗೆ ಅನುಕೂಲವಾದ ಕಾಲ. 2004ರ ಸುನಾಮಿಯ ನಂತರ ಇಂಡೋನೇಷ್ಯಾ ಸರ್ಕಾರ ಇದೇ ಆತಂಕದಿಂದ ‘ಆಚೆ’ ಎಂಬ ಹೆಸರಿನ ಪ್ರಾಂತದ 16 ವರ್ಷದೊಳಗಿನ ಮಕ್ಕಳನ್ನು ಪೋಷಕರಿಲ್ಲದೆ ಹೊರಗೆ ಕರೆದೊಯ್ಯುವುದನ್ನು ನಿರ್ಬಂಧಿಸಿತ್ತು. ಅರ್ಜಿಯಲ್ಲಿ ಹೆಸರಿಲ್ಲದವರ ಜೊತೆ, ಮನೆಯವರ ಒಪ್ಪಿಗೆ ನಮಗೆ ತಲುಪದೆ, ಮಗುವೂ ಅವರನ್ನು ಗುರುತಿಸದೆ ನಾವು ಯಾರನ್ನೂ ಕಳಿಸಲಿಲ್ಲ. ಗೇಟಿನಲ್ಲಿ ಸಿಟ್ಟಾದವರು ಬಹಳ. ಅವರ ಸಿಟ್ಟಿನಲ್ಲಿ ನ್ಯಾಯವಿತ್ತು, ನಮ್ಮ ನಿಯಮವೂ ಸಡಿಲವಾಗುವಂತಿರಲಿಲ್ಲ. ಅಕ್ಕತಂಗಿಯರನ್ನು ಮಾತ್ರ ಯಾವ ಕಾರಣಕ್ಕೂ ಬೇರ್ಪಡಿಸಲಿಲ್ಲ.

ಸಾವಿನ ಸುದ್ದಿ ಹೇಳುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಆರನೇ ತರಗತಿಯ ಹುಡುಗಿಯೊಬ್ಬಳನ್ನು ಕರೆದೊಯ್ಯಲು ಅವಳ ಸೋದರಮಾವ ಬಂದರು. ಅವಳ ತಾಯಿ ತೀರಿಹೋಗಿದ್ದರು. “ಇಲ್ಲಿ ಬೇಡ ಮೇಡಂ, ಅಮ್ಮನಿಗೆ ಹುಷಾರಿಲ್ಲ ಅಂತ ಹೇಳಿ ಕರೆದುಕೊಂಡು ಹೋಗ್ತೀನಿ, ಮನೆ ಹತ್ತಿರ ಹೋದ ಮೇಲೆ ಹೇಳೋಣ,” ಎಂದರು. ಅವರ ಸಂಕಟ ಅರ್ಥವಾಗುತ್ತಿತ್ತು. ಅದು ಅವರ ಅಕ್ಕ. ಆದರೂ ನಾನು ಹೇಳಿದೆ: “ದಾರಿಯುದ್ದಕ್ಕೂ ಅವಳು ಅಮ್ಮನನ್ನು ನೋಡುವ ಆಸೆಯಲ್ಲೇ ಬರುತ್ತಾಳೆ. ಆಮೇಲೆ ನೀವು ಹೇಳುವ ಯಾವ ಮಾತನ್ನೂ ನಂಬಲು ಅವಳಿಗೆ ಕಷ್ಟವಾಗುತ್ತದೆ. ಇಲ್ಲೇ ಹೇಳಿ, ನಾನೂ ಜೊತೆಗಿರುತ್ತೇನೆ.” ಬಹಳ ಹೊತ್ತು ಸುಮ್ಮನಿದ್ದು ಒಪ್ಪಿದರು. ನಾಲ್ಕನೇ ತರಗತಿಯಲ್ಲಿದ್ದ ತಂಗಿಯನ್ನೂ ಕರೆಸಿ, ಡೇರೆಯೊಂದನ್ನು ಖಾಲಿ ಮಾಡಿಸಿ ಇಬ್ಬರನ್ನೂ ಮಾವನ ಎರಡು ಪಕ್ಕದಲ್ಲಿ ಕೂರಿಸಿದೆವು. ನಿದ್ದೆ ಹೋದಳು, ದೂರ ಹೋದಳು ಎಂಬಂಥ ಮಾತು ಬೇಡ, ಚಿಕ್ಕವಳು ಎದ್ದು ಬರುವುದನ್ನೇ ಕಾಯುತ್ತಾಳೆ ಎಂದು ಅವರಿಗೆ ಮೊದಲೇ ತಿಳಿಸಿದ್ದೆ. “ಅಮ್ಮ ತೀರಿಹೋದಳು ಪುಟ್ಟಿ. ಗೋಡೆ ಬಿತ್ತು. ಅಪ್ಪ ಇದ್ದಾರೆ, ಕಾಲಿಗೆ ಪೆಟ್ಟಾಗಿದೆ, ನಿಮ್ಮನ್ನು ಕರೆದುಕೊಂಡು ಬಾ ಅಂತ ಅವರೇ ಕಳಿಸಿದರು,” ಎಂದರು. ತಂಗಿ ಅತ್ತಳು. ಅಕ್ಕ ಅಳದೆ ನನ್ನ ಕಡೆ ತಿರುಗಿ, “ಪುಸ್ತಕಗಳನ್ನೂ ತಗೊಂಡು ಹೋಗಬೇಕಾ ಮೇಡಂ?” ಎಂದು ಕೇಳಿದಳು. ಇಂಥ ಪ್ರಶ್ನೆ ಕೇಳಿ ದೊಡ್ಡವರು ಕಂಗಾಲಾಗುತ್ತಾರೆ, ಮಗುವಿಗೆ ದುಃಖವೇ ಆಗಿಲ್ಲವೆಂದುಕೊಳ್ಳುತ್ತಾರೆ. ಹಾಗಲ್ಲ, ಅಷ್ಟು ದೊಡ್ಡ ಸುದ್ದಿಯನ್ನು ಮಗು ಒಮ್ಮೆಲೇ ಹೊರಲಾರದು. ಅವಳು ಕೇಳಿದ್ದಕ್ಕೆ ಮಾತ್ರ ನಾನು ಉತ್ತರ ಕೊಟ್ಟೆ: ಪುಸ್ತಕಗಳು ಇಲ್ಲೇ ಇರಲಿ, ನಿನ್ನ ಹಾಸಿಗೆಯನ್ನು ಬೇರೆಯವರಿಗೆ ಕೊಡುವುದಿಲ್ಲ, ನೀನು ಬಂದಾಗ ಎಲ್ಲವೂ ಅಲ್ಲೇ ಇರುತ್ತದೆ. ಆಮೇಲೆ ಅವಳು ಅತ್ತಳು.

ಎಂಜಿನಿಯರುಗಳು ಕಟ್ಟಡವನ್ನು ಪರೀಕ್ಷಿಸಿ ಕೆಳಮಹಡಿಯ ಒಂದು ಭಾಗಕ್ಕೆ ಮಾತ್ರ ಮೊದಲು ಒಪ್ಪಿಗೆ ಕೊಟ್ಟರು. 2005ರ ಅಕ್ಟೋಬರ್ 8ರ ಕಾಶ್ಮೀರದ ಭೂಕಂಪ ಬೆಳಿಗ್ಗೆ ತರಗತಿ ನಡೆಯುವ ಹೊತ್ತಿನಲ್ಲಾಗಿ ಸಾವಿರಾರು ವಿದ್ಯಾರ್ಥಿಗಳು ಶಾಲೆಗಳ ಅವಶೇಷಗಳಡಿ ಸತ್ತರು. ನೇಪಾಳದ 2015ರ ಮೊದಲ ಭೂಕಂಪ ರಜೆಯ ದಿನವಾದ ಶನಿವಾರ ಆದ್ದರಿಂದ ಬಿದ್ದುಹೋದ ಶಾಲೆಗಳಲ್ಲಿ ಮಕ್ಕಳಿರಲಿಲ್ಲ. ವಸತಿ ಶಾಲೆಗೆ ಅಂಥ ರಜೆಯ ದಿನವಿಲ್ಲ, ರಾತ್ರಿಯೂ ಮಕ್ಕಳು ಅದೇ ಸೂರಿನಡಿ ಇರುತ್ತಾರೆ. ಆದ್ದರಿಂದ ಒಪ್ಪಿಗೆ ಸಿಕ್ಕ ಭಾಗಕ್ಕೂ ಮಕ್ಕಳನ್ನು ಒಮ್ಮೆಲೇ ಸೇರಿಸದೆ, ಯಾವ ಬಿರುಕು ಬರೀ ಗಾರೆಯದು, ಯಾವುದು ಗೋಡೆಯದು ಎಂಬುದನ್ನು ಎಂಜಿನಿಯರಿಂದಲೇ ಅವರಿಗೆ ಹೇಳಿಸಿ, ಹಗಲಿನಲ್ಲಿ ಒಳಗೆ ಓಡಾಡಿಸಿ, ಆಮೇಲೆ ರಾತ್ರಿ ಮಲಗಿಸಿದೆವು. ಮೊದಲ ವಾರಗಳಲ್ಲಿ ಬಾಗಿಲಿನ ಹತ್ತಿರದ ಹಾಸಿಗೆಗಳು ಚಿಕ್ಕವರಿಗೆ.

ಮನೆಗೆ ಹೋದವರಲ್ಲಿ ಹಲವರು ನಾವು ಎಣಿಸಿದ್ದಕ್ಕಿಂತ ಬೇಗನೆ ಮರಳಿದರು. ಅಲ್ಲಿ ಇನ್ನೂ ಮನೆ ಇರಲಿಲ್ಲ, ಇಲ್ಲಿ ಗಂಟೆ ಹೊಡೆಯುತ್ತಿತ್ತು. ಆ ಅಕ್ಕತಂಗಿಯರೂ ಬಂದರು. ವಾರಕ್ಕೊಮ್ಮೆ ಮಾತ್ರ ಮನೆಗೆ ಕರೆ ಮಾಡಬಹುದೆಂಬ ಹಳೆಯ ನಿಯಮವನ್ನು ಆಡಳಿತ ಮಂಡಳಿ ಆಗ ಸಡಿಲಿಸಿ, ಪ್ರತಿ ಸಂಜೆ ಕೆಲವು ನಿಮಿಷ ಮಾತಾಡಲು ಅವಕಾಶ ಕೊಟ್ಟಿತು. ವರ್ಷದ ಕೊನೆಯಲ್ಲಿ ಹಳೆಯ ನಿಯಮಕ್ಕೆ ಮರಳುವ ಪ್ರಸ್ತಾಪ ಬಂದಾಗ ನಾನು ಸುದ್ದಿಯ ಪುಸ್ತಕವನ್ನು ಸಭೆಗೆ ಒಯ್ದು ಅದರಿಂದ ಕೆಲವು ಪುಟಗಳನ್ನು ಓದಿದೆ. ಸಂಜೆಯ ಕರೆ ಉಳಿಯಿತು, ಈಗಲೂ ಇದೆ.