ಮಂಡ್ಯದಲ್ಲೇ ಇದ್ದು ದೂರದವರಿಗೆ ದುಡಿಯುವುದು ಹೇಗೆ?

2020ರ ಲಾಕ್‌ಡೌನ್ ಕಾಲದಲ್ಲಿ ಲ್ಯಾಪ್‌ಟಾಪ್ ಹಿಡಿದು ಮೈಸೂರು, ಮಂಡ್ಯದ ಮನೆಗಳಿಗೆ ಮರಳಿದ ಯುವಜನರಲ್ಲಿ ಹಲವರು, ಕಂಪನಿಗಳು ಮತ್ತೆ ಕಚೇರಿಗೆ ಕರೆದಾಗ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಬೇಕಾಯಿತು. ಅವರಿಗಿದ್ದದ್ದು ಮನೆಯಿಂದ ಕೆಲಸ ಮಾಡುವ ಅನುಮತಿ. ಕೊಟ್ಟವರೇ ಅದನ್ನು ಹಿಂತೆಗೆದುಕೊಂಡರು. ತಾವಿರುವ ಊರನ್ನು ತಾವೇ ನಿರ್ಧರಿಸಬೇಕು ಎನ್ನುವವರು ತಮ್ಮದೇ ಗ್ರಾಹಕರನ್ನು ಸಂಪಾದಿಸಿಕೊಳ್ಳಬೇಕು. ಅದಕ್ಕೊಂದು ಕ್ರಮವಿದೆ: ಮೊದಲು ಕೆಲಸ, ಆಮೇಲೆ ಕೆಲಸದ ವೇಳೆ, ಅನಂತರ ಹಣ ಬರುವ ದಾರಿ, ಎಲ್ಲಕ್ಕೂ ಕೊನೆಗೆ ಊರು. ಊರನ್ನು ಮೊದಲು ಆರಿಸಿ ಉಳಿದದ್ದನ್ನು ಅದಕ್ಕೆ ಹೊಂದಿಸಲು ಹೊರಟರೆ ಕಷ್ಟ ಹೆಚ್ಚು ಎಂಬುದು ಈ ಲೇಖಕರ ಖಚಿತ ಅಭಿಪ್ರಾಯ.

ಯಾವ ಕೆಲಸ?

"ಕಂಪ್ಯೂಟರ್ ಗೊತ್ತು" ಎಂದರೆ ಯಾರೂ ಕೆಲಸ ಕೊಡುವುದಿಲ್ಲ. ಮುಗಿಸಿ ಕಳುಹಿಸಬಹುದಾದ, ಅಳೆದು ಬೆಲೆ ಹೇಳಬಹುದಾದ ಒಂದು ಕೆಲಸವನ್ನು ಹೆಸರಿಸಬೇಕು: ಅಂಗಡಿಯೊಂದರ ತಿಂಗಳ ಲೆಕ್ಕವನ್ನು ಟ್ಯಾಲಿಗೆ ಏರಿಸುವುದು, ಕಟ್ಟಡದ ನಕ್ಷೆ ತಯಾರಿಸುವುದು, ವಿಡಿಯೊ ಎಡಿಟಿಂಗ್, ವೆಬ್‌ಸೈಟ್ ನಿರ್ಮಾಣ, ಹೊರದೇಶದಲ್ಲಿ ಬೆಳೆಯುತ್ತಿರುವ ಕನ್ನಡಿಗರ ಮಕ್ಕಳಿಗೆ ಕನ್ನಡ ಪಾಠ. ಕನ್ನಡವನ್ನು ಚೆನ್ನಾಗಿ ಬರೆಯಬಲ್ಲವರು ಅದನ್ನು ಕಡೆಗಣಿಸಬಾರದು. ಆ್ಯಪ್‌ಗಳ ಅನುವಾದ, ಸಬ್‌ಟೈಟಲ್, ಧ್ವನಿಮುದ್ರಣವನ್ನು ಅಕ್ಷರಕ್ಕಿಳಿಸುವುದು, ಯಂತ್ರ ಮಾಡಿದ ಅನುವಾದವನ್ನು ತಿದ್ದುವುದು, ಇವೆಲ್ಲ ಪದಕ್ಕೆ ಅಥವಾ ನಿಮಿಷಕ್ಕೆ ಇಂತಿಷ್ಟು ಎಂದು ದರ ಹೇಳಬಹುದಾದ ಕೆಲಸಗಳು.

ಆರಿಸಿಕೊಂಡ ಕೆಲಸದ ಎರಡು ಮೂರು ಮಾದರಿಗಳನ್ನು ಸಿದ್ಧಮಾಡಿಟ್ಟುಕೊಂಡು, ಮೊದಲು ಹಳೆಯ ಸಹೋದ್ಯೋಗಿಗಳಿಗೆ, ಓದಿದ ಕಾಲೇಜಿನ ಹಿರಿಯರಿಗೆ ಪತ್ರ ಬರೆಯಿರಿ. ಪರಿಚಯದ ಮೂಲಕ ಬರುವ ಗ್ರಾಹಕರು ಬೆಲೆಯನ್ನು ಕಡಿಮೆ ಚೌಕಾಸಿ ಮಾಡುತ್ತಾರೆ, ಹೆಚ್ಚು ಕಾಲ ಉಳಿಯುತ್ತಾರೆ. ಫೈವರ್‌ನಂಥ ಜಾಲತಾಣಗಳಲ್ಲಿಯೂ ಕೆಲಸ ಸಿಗುತ್ತದೆ. ಆದರೆ ಅಲ್ಲಿ ದುಡಿದ ಹಣದಲ್ಲಿ ಶೇ 20ರಷ್ಟು ತಾಣಕ್ಕೇ ಹೋಗುವುದರಿಂದ ದರ ಹೇಳುವಾಗಲೇ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಈಗ ನೌಕರಿಯಲ್ಲಿ ಇರುವವರು ತಮ್ಮ ನೇಮಕಾತಿ ಒಪ್ಪಂದದಲ್ಲಿ ಹೊರಗಿನ ಕೆಲಸಕ್ಕೆ ನಿರ್ಬಂಧವಿದೆಯೇ ಎಂದು ಓದಿಕೊಂಡೇ ಮುಂದುವರಿಯಲಿ.

ನೋಂದಣಿ ಶುಲ್ಕ, ಠೇವಣಿ, ತರಬೇತಿ ಕಿಟ್ ಎಂದು ಯಾವ ಹೆಸರಿನಲ್ಲೇ ಆಗಲಿ, ಕೆಲಸ ಕೊಡುವವರು ನಿಮ್ಮಿಂದ ಹಣ ಕೇಳಿದರೆ ಅದು ವಂಚನೆ. ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಗಡಿಯಾರ ನೋಡಿ ಗ್ರಾಹಕರನ್ನು ಆರಿಸಿ

ನೀವು ಎಲ್ಲಿ ಕುಳಿತಿದ್ದೀರಿ ಎಂಬುದಕ್ಕಿಂತ ಯಾವ ಹೊತ್ತಿನಲ್ಲಿ ಉತ್ತರಿಸುತ್ತೀರಿ ಎಂಬುದನ್ನೇ ಗ್ರಾಹಕರು ಹೆಚ್ಚು ಗಮನಿಸುತ್ತಾರೆ. ಮನೆಯವರ ಬದುಕನ್ನು ಬದಲಿಸುವುದೂ ಅದೇ. ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ 9 ಗಂಟೆಯಾದಾಗ ಅಲ್ಲಿನ ಬೇಸಿಗೆಯಲ್ಲಿ ನಮಗೆ ಸಂಜೆ 6.30, ಚಳಿಗಾಲದಲ್ಲಿ 7.30. ಸ್ಯಾನ್ ಫ್ರಾನ್ಸಿಸ್ಕೊದ ಗ್ರಾಹಕರಾದರೆ ಇದು ರಾತ್ರಿ 9.30 ಅಥವಾ 10.30 ಆಗುತ್ತದೆ. ಲಂಡನ್ನಿನ ಬೆಳಗಿನ 9 ಗಂಟೆ ನಮ್ಮ ಮಧ್ಯಾಹ್ನದ 1.30 ಅಥವಾ 2.30, ಊಟ ಮುಗಿಸಿ ಕುಳಿತರೆ ಸಾಕು. ಸಿಡ್ನಿಯ ಕಚೇರಿಗಳು ಅಲ್ಲಿನ ಚಳಿಗಾಲದಲ್ಲಿ ನಮ್ಮ ನಸುಕಿನ 4.30ಕ್ಕೆ ತೆರೆದು ಮಧ್ಯಾಹ್ನ 12.30ಕ್ಕೆ ಮುಗಿಯುತ್ತವೆ. ಬೆಳಗಾಗುವ ಮುನ್ನ ಏಳುವ ಅಭ್ಯಾಸವಿರುವ, ಮಧ್ಯಾಹ್ನದ ಮೇಲೆ ತೋಟದ ಕೆಲಸವನ್ನೂ ನೋಡಿಕೊಳ್ಳಬೇಕಾದ ಮದ್ದೂರು, ಪಾಂಡವಪುರ ಕಡೆಯವರಿಗೆ ಆಸ್ಟ್ರೇಲಿಯಾದ ಗ್ರಾಹಕರಷ್ಟು ಅನುಕೂಲ ಬೇರೆ ಯಾರೂ ಇಲ್ಲ. ಇದನ್ನು ಯೋಚಿಸುವವರು ಕಡಿಮೆ. ಎಲ್ಲರೂ ಅಮೆರಿಕದತ್ತಲೇ ನೋಡುತ್ತಾರೆ.

ಅಮೆರಿಕದಲ್ಲಿ ಗಡಿಯಾರ ಬದಲಾಗುವುದು ಮಾರ್ಚ್‌ನ ಎರಡನೇ ಮತ್ತು ನವೆಂಬರ್‌ನ ಮೊದಲ ಭಾನುವಾರ. ಬ್ರಿಟನ್, ಯುರೋಪಿನಲ್ಲಿ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ. ಈ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳದಿದ್ದರೆ ಸಭೆಗೆ ಒಂದು ಗಂಟೆ ತಡವಾಗಿಯೋ ಒಂದು ಗಂಟೆ ಮೊದಲೋ ಹಾಜರಾಗಬೇಕಾಗುತ್ತದೆ. ಮನೆಯಲ್ಲಿಯೂ ಮಾತನಾಡಿ ಒಂದು ವೇಳೆಯನ್ನು ನಿಗದಿಮಾಡಿ. "ಅಮ್ಮಾ, ಆರೂವರೆಯಿಂದ ಎಂಟರವರೆಗೆ ಬಾಗಿಲು ಹಾಕಿದ್ದರೆ ಮೀಟಿಂಗ್‌ನಲ್ಲಿದ್ದೀನಿ ಅಂತ ತಿಳ್ಕೊಳ್ಳಿ" ಎಂದು ಒಮ್ಮೆ ಸ್ಪಷ್ಟವಾಗಿ ಹೇಳಿಟ್ಟರೆ, ಅಂಗಡಿಗೆ ಹೋಗಿ ಬಾ ಎಂದು ನಡುವೆ ಕರೆಯುವುದು ತಪ್ಪುತ್ತದೆ.

ಹಣ ಬರುವ ದಾರಿ

ಗ್ರಾಹಕರಿಗೆ ಕಳುಹಿಸುವ ಬಿಲ್ಲಿನಲ್ಲಿ, ಅಂದರೆ ಇನ್‌ವಾಯ್ಸ್‌ನಲ್ಲಿ, ಕ್ರಮಸಂಖ್ಯೆ, ದಿನಾಂಕ, ನಿಮ್ಮ ಪ್ಯಾನ್, ಗ್ರಾಹಕರ ಪೂರ್ಣ ವಿಳಾಸ, ಮಾಡಿದ ಕೆಲಸದ ವಿವರ, ಮೊತ್ತ ಮತ್ತು ಕರೆನ್ಸಿ, ಹಣ ಪಾವತಿಸಬೇಕಾದ ಕೊನೆಯ ದಿನ, ಹೊರದೇಶದಿಂದ ಹಣ ಕಳುಹಿಸುವಾಗ ನಿಮ್ಮ ಬ್ಯಾಂಕನ್ನು ಗುರುತಿಸುವ ಸ್ವಿಫ್ಟ್ ಕೋಡ್ ಇಷ್ಟೂ ಇರಲಿ. "ಅನುವಾದ" ಎಂದಷ್ಟೇ ಬರೆಯದೆ, "ಮಾರ್ಚ್ ತಿಂಗಳಲ್ಲಿ 6,000 ಪದಗಳ ಆರೋಗ್ಯ ಕೈಪಿಡಿಯ ಕನ್ನಡ ಅನುವಾದ" ಎಂದು ಬರೆಯಿರಿ. ಹೊರದೇಶದಿಂದ ಹಣ ಬಂದಾಗ ಅದು ಯಾವ ಉದ್ದೇಶಕ್ಕೆ ಬಂದದ್ದು ಎಂದು ಬ್ಯಾಂಕ್ ಕೇಳುತ್ತದೆ; ಆಗ ಈ ಸಾಲೇ ಉತ್ತರವಾಗುತ್ತದೆ. ಬ್ಯಾಂಕ್ ಅಥವಾ ಪಾವತಿ ಸಂಸ್ಥೆ ಕೊಡುವ ವಿದೇಶಿ ಹಣ ಸ್ವೀಕೃತಿ ಪತ್ರವನ್ನು ಪ್ರತಿ ಇನ್‌ವಾಯ್ಸ್‌ನ ಜೊತೆಗೆ ಇಟ್ಟುಕೊಳ್ಳಿ. ಅಮೆರಿಕದ ಗ್ರಾಹಕರು ಡಬ್ಲ್ಯು-8ಬಿಇಎನ್ ಎಂಬ ನಮೂನೆ ಕೇಳಿದರೆ ಗಾಬರಿ ಬೇಡ. ನೀವು ಅಲ್ಲಿನ ತೆರಿಗೆದಾರರಲ್ಲವೆಂದು ತಿಳಿಸುವ ಕಾಗದವದು.

ಸೇವೆಯ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ, ಮತ್ತು ಹೊರದೇಶದ ಗಳಿಕೆಯೂ ಈ ಮೊತ್ತದಲ್ಲಿ ಸೇರುತ್ತದೆ. ಸೇವೆಯ ರಫ್ತಿಗೆ, ಅಂದರೆ ಹೊರದೇಶದ ಗ್ರಾಹಕರಿಗೆ ಮಾಡಿಕೊಡುವ ಕೆಲಸಕ್ಕೆ, ಜಿಎಸ್‌ಟಿ ದರ ಶೂನ್ಯವಾದರೂ, ನೋಂದಣಿ ಮಾಡಿಸಿದವರು ತೆರಿಗೆ ಕಟ್ಟದೆ ರಫ್ತು ಮಾಡಲು ಎಲ್‌ಯುಟಿ ಎಂಬ ಮುಚ್ಚಳಿಕೆಯನ್ನು ಪ್ರತಿ ಹಣಕಾಸು ವರ್ಷಕ್ಕೂ ಹೊಸದಾಗಿ ಸಲ್ಲಿಸಬೇಕು. ಆದಾಯ ತೆರಿಗೆಯಲ್ಲಿ ಕೆಲವು ನಿಗದಿತ ವೃತ್ತಿಗಳವರಿಗೆ ಒಟ್ಟು ಗಳಿಕೆಯ ಅರ್ಧವನ್ನೇ ಲಾಭವೆಂದು ತೋರಿಸುವ ಸರಳ ಪದ್ಧತಿಯಿದೆ. ಎಂಜಿನಿಯರಿಂಗ್, ಲೆಕ್ಕಪತ್ರ, ತಾಂತ್ರಿಕ ಸಲಹೆ, ಮಾಹಿತಿ ತಂತ್ರಜ್ಞಾನ ಆ ಪಟ್ಟಿಯಲ್ಲಿವೆ. ನಿಮ್ಮ ಕೆಲಸ ಅದರಲ್ಲಿ ಸೇರುತ್ತದೆಯೇ ಎಂಬುದನ್ನು ಆಡಿಟರ್ ಬಳಿ ಒಮ್ಮೆ ಕೇಳಿ ತಿಳಿಯಿರಿ. ಈ ಪದ್ಧತಿಯನ್ನು ಆರಿಸಿಕೊಂಡವರು ಮುಂಗಡ ತೆರಿಗೆಯನ್ನು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಬಹುದು.

ದೇಶದೊಳಗಿನ ಗ್ರಾಹಕರು ಹಣ ಕೊಡಲು ಸತಾಯಿಸುವುದೇ ಹೆಚ್ಚು. ಆದ್ದರಿಂದ ಸಣ್ಣ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ ನಡೆಸುವ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ, ಅದಕ್ಕೆ ಶುಲ್ಕವಿಲ್ಲ. ನೋಂದಾಯಿತ ಕಿರು ಮತ್ತು ಸಣ್ಣ ಉದ್ಯಮಗಳಿಗೆ, ಒಪ್ಪಂದ ಏನೇ ಇರಲಿ, ಗರಿಷ್ಠ 45 ದಿನಗಳೊಳಗೆ ಹಣ ಕೊಡಬೇಕೆಂದು ಈ ಉದ್ಯಮಗಳಿಗೆ ಸಂಬಂಧಿಸಿದ 2006ರ ಕಾಯ್ದೆ ಹೇಳುತ್ತದೆ. ಇನ್‌ವಾಯ್ಸ್‌ನಲ್ಲಿ ನೋಂದಣಿ ಸಂಖ್ಯೆಯನ್ನು ಮುದ್ರಿಸಿದರೆ ಈ ಮಾತನ್ನು ಜಗಳವಿಲ್ಲದೆ ನೆನಪಿಸಿದಂತಾಗುತ್ತದೆ.

ಇನ್ನು ಊರು

ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ, ಗೋಕುಲಂ ಬಡಾವಣೆಗಳಲ್ಲಿ ಇಂಟರ್‌ನೆಟ್‌ಗೆ ತೊಂದರೆ ಕಡಿಮೆ. ಹಳ್ಳಿಯ ಮನೆಗೆ ಹೋಗುವವರು ಕೆಲವು ವಿಷಯಗಳನ್ನು ಸ್ಥಳದಲ್ಲೇ ವಿಚಾರಿಸಬೇಕು. ಊರೊಳಗಿನ ಮನೆಗಳ ವಿದ್ಯುತ್ ಲೈನ್ ಮತ್ತು ಪಂಪ್‌ಸೆಟ್ ಲೈನ್ ನಿರಂತರ ಜ್ಯೋತಿ ಯೋಜನೆಯಲ್ಲಿ ಬೇರ್ಪಟ್ಟಿರುವ ಕಡೆ, ಊರೊಳಗೆ ಕರೆಂಟ್ ಇದ್ದಾಗಲೂ ಪಂಪ್‌ಸೆಟ್ ಲೈನ್‌ನಲ್ಲಿರುವ ತೋಟದ ಮನೆಗೆ ಇಲ್ಲದಿರಬಹುದು. ನೀವಿರಲಿರುವ ಮನೆ ಯಾವ ಲೈನ್‌ಗೆ ಸೇರಿದೆ ಎಂದು ಲೈನ್‌ಮ್ಯಾನ್‌ನನ್ನೇ ಕೇಳಿ. ಈ ಭಾಗಕ್ಕೆ ವಿದ್ಯುತ್ ಪೂರೈಸುವ ಸೆಸ್ಕ್‌ನ ದೂರು ಸಂಖ್ಯೆ 1912.

ಕರೆಂಟ್ ಹೋದರೂ ಲ್ಯಾಪ್‌ಟಾಪ್ ನಡೆಯುತ್ತದೆ, ರೂಟರ್ ನಿಲ್ಲುತ್ತದೆ. ಫೈಬರ್ ಸಂಪರ್ಕದ ಪೆಟ್ಟಿಗೆ ಸಾಮಾನ್ಯವಾಗಿ 12 ವೋಲ್ಟ್‌ನ ಅಡಾಪ್ಟರ್‌ನಿಂದ ಓಡುವುದರಿಂದ, ಅದೇ ವೋಲ್ಟ್‌ನ ಪುಟ್ಟ ಯುಪಿಎಸ್ ಒಂದನ್ನು ನಡುವೆ ಜೋಡಿಸಿದರೆ ಮನೆಗೆಲ್ಲ ಇನ್ವರ್ಟರ್ ಹಾಕಿಸದೆಯೂ ಮೀಟಿಂಗ್ ಮುಗಿಸಬಹುದು. ಕೊಳ್ಳುವ ಮುನ್ನ ಅಡಾಪ್ಟರ್ ಮೇಲಿನ ವೋಲ್ಟ್, ಆಂಪಿಯರ್ ಎರಡನ್ನೂ ನೋಡಿಕೊಳ್ಳಿ. ಪೆಟ್ಟಿಗೆಯ ಮೇಲೆ ಎಲ್‌ಒಎಸ್ ಎಂಬ ದೀಪ ಕೆಂಪಾಗಿ ಹೊಳೆಯುತ್ತಿದ್ದರೆ ಫೈಬರ್‌ನಲ್ಲಿ ಸಂಕೇತ ಬರುತ್ತಿಲ್ಲ ಎಂದು ಅರ್ಥ. ಆಗ ಪದೇ ಪದೇ ಆಫ್ ಮಾಡಿ ಆನ್ ಮಾಡುತ್ತ ಕೂರದೆ ದೂರು ಕೊಟ್ಟು, ಬೇರೆ ಕಂಪನಿಯ ಸಿಮ್‌ನ ಹಾಟ್‌ಸ್ಪಾಟ್‌ಗೆ ಬದಲಾಗಿ. ಡೌನ್‌ಲೋಡ್ ವೇಗವನ್ನಷ್ಟೇ ಅಳೆಯದೆ ಅಪ್‌ಲೋಡ್ ವೇಗವನ್ನೂ ಅಳೆಯಿರಿ, ಅದೂ ಎಲ್ಲರೂ ಮೊಬೈಲ್ ಹಿಡಿಯುವ ರಾತ್ರಿ 8ರ ಹೊತ್ತಿನಲ್ಲಿ. ಬಾಡಿಗೆ ಒಪ್ಪಂದಕ್ಕೆ ಮುನ್ನ, ಸಾಧ್ಯವಾದರೆ ಮಳೆಗಾಲದಲ್ಲಿ, ಒಂದು ವಾರ ಅಲ್ಲೇ ಇದ್ದು ಕೆಲಸ ಮಾಡಿ ನೋಡುವುದು ಒಳ್ಳೆಯದು.

ಇದೇ ಕೆಲಸವನ್ನು ಹೊರದೇಶದಲ್ಲಿ ಕೆಲಕಾಲ ಇದ್ದು ಮಾಡಬೇಕೆನ್ನುವವರಿಗೆ ಎರಡು ಮಾತು. ಪ್ರವಾಸಿ ವೀಸಾದಲ್ಲಿ ದೂರದಿಂದ ಕೆಲಸ ಮಾಡುವುದಕ್ಕೂ ಹಲವು ದೇಶಗಳಲ್ಲಿ ಅವಕಾಶವಿಲ್ಲ. ಎಸ್ಟೋನಿಯಾ 2020ರಲ್ಲಿ ಆರಂಭಿಸಿದಂತೆ ಕೆಲವು ದೇಶಗಳು ಇದಕ್ಕೆಂದೇ ಪ್ರತ್ಯೇಕ ವೀಸಾ ಕೊಡುತ್ತವೆ. ಒಂದು ಹಣಕಾಸು ವರ್ಷದಲ್ಲಿ 182 ದಿನ ಅಥವಾ ಅದಕ್ಕಿಂತ ಹೆಚ್ಚು ಭಾರತದಲ್ಲಿ ಇದ್ದವರು ಇಲ್ಲಿನ ತೆರಿಗೆ ನಿವಾಸಿಗಳು, ಅವರು ಎಲ್ಲಿ ಕುಳಿತು ಗಳಿಸಿದ ಹಣವಾದರೂ ಇಲ್ಲಿನ ಲೆಕ್ಕಕ್ಕೆ ಸೇರುತ್ತದೆ. ಆದ್ದರಿಂದ ವಿಮಾನದ ಟಿಕೆಟ್, ಪಾಸ್‌ಪೋರ್ಟ್‌ನ ಮೊಹರುಗಳ ಪ್ರತಿಗಳನ್ನೂ ಇನ್‌ವಾಯ್ಸ್‌ಗಳ ಕಡತದಲ್ಲೇ ಇಟ್ಟುಕೊಳ್ಳಬೇಕು.