ಮುಖಕ್ಕೆ ಕಂಡ ಕಂಡ ಟ್ಯೂಬ್ ಹಚ್ಚಬೇಡಿ

ಬಾಯಿ ಸುತ್ತ ನಾಲ್ಕು ಗುಳ್ಳೆ ಎದ್ದರೆ ಸಾಕು, ಈಗಿನ ಹುಡುಗಿಯರು ಮೆಡಿಕಲ್ ಸ್ಟೋರಿಗೆ ಓಡುತ್ತಾರೆ. ಅವನು ಕೊಟ್ಟ ಟ್ಯೂಬಿನ ಮೇಲೆ ಏನು ಬರೆದಿದೆ ಅಂತ ಓದುವುದೂ ಇಲ್ಲ. ಬೆಟಾಮೆಥಾಸೋನ್, ಕ್ಲೋಬೆಟಸಾಲ್, ಮೊಮೆಟಾಸೋನ್ ಅಂತಿದ್ದರೆ ಅದು ಸ್ಟೀರಾಯ್ಡ್. ಬೆಳ್ಳಗಾಗಲಿ ಅಂತ ಹಚ್ಚುವ ಎಷ್ಟೋ ಕ್ರೀಮಿನಲ್ಲೂ ಇದೇ ಇರುತ್ತದೆ. ಎರಡು ದಿನಕ್ಕೆ ಗುಳ್ಳೆ ಅಡಗುತ್ತದೆ, ಬಿಟ್ಟರೆ ಮೊದಲಿಗಿಂತ ಜೋರಾಗಿ ಏಳುತ್ತದೆ. ಮತ್ತೆ ಹಚ್ಚುತ್ತೀರಿ. ಹೀಗೇ ಚರ್ಮ ತೆಳ್ಳಗಾಗಿ ರಕ್ತನಾಳಗಳು ಕಾಣತೊಡಗುತ್ತವೆ.

ಮೊದಲು ಕನ್ನಡಿ ಮುಂದೆ ನಿಂತು ಸರಿಯಾಗಿ ನೋಡಿ. ಮೊಡವೆಯಾದರೆ ನಡುವೆ ಕಪ್ಪು ಚುಕ್ಕೆಗಳಿರುತ್ತವೆ, ಈ ಉರಿಗುಳ್ಳೆಗಳಲ್ಲಿ ಇರುವುದಿಲ್ಲ. ಬಾಯಿ ಸುತ್ತ ಸಣ್ಣ ಗುಳ್ಳೆ ಎದ್ದು, ತುಟಿಯಂಚಿನ ಗೆರೆಯಷ್ಟು ಜಾಗ ಮಾತ್ರ ಚೆನ್ನಾಗಿದ್ದರೆ ಅದು ಪೆರಿಯೋರಲ್ ಡರ್ಮಟೈಟಿಸ್, ಅಂದರೆ ಬಾಯಿ ಸುತ್ತಲಿನ ಚರ್ಮದ ಉರಿಯೂತ ಇರಬಹುದು. ಕೆನ್ನೆ, ಮೂಗು ಬಿಸಿಯಾಗಿ ಉರಿಯುತ್ತಿದ್ದರೆ ರೊಸೇಶಿಯಾ ಎಂಬ ಚರ್ಮರೋಗ ಇರಬಹುದು. ನಮ್ಮಂಥ ಗೋಧಿ ಬಣ್ಣದವರಿಗೆ ಕೆಂಪು ಎದ್ದು ಕಾಣುವುದಿಲ್ಲ, ಉರಿ ಮತ್ತು ತರಿತರಿಯಿಂದಲೇ ತಿಳಿಯಬೇಕು. ಕೋಲಾರದ ಬಿಸಿಲಲ್ಲಿ ಟೊಮೆಟೊ ಬಿಡಿಸುವವರಿಗೆ, ಒಲೆ ಮುಂದೆ ಕೂರುವವರಿಗೆ ಇದು ಕೆರಳುತ್ತದೆ. ಕುದಿಯುವ ಕಾಫಿಯೂ ಖಾರದ ಸಾರೂ ಅಷ್ಟೇ. ಆರಿಸಿ ಕುಡಿಯಿರಿ, ಟೋಪಿ ಹಾಕಿ.

ಇನ್ನು ನೀರಿನ ವಿಷಯ. ಇಲ್ಲಿ ಯಾರೂ ಮಾತು ಕೇಳುವುದಿಲ್ಲ. ತೆರೆದ ಬಾವಿ ಇದ್ದಾಗ ಸೋಪು ಒಂದು ಸಲ ತಿಕ್ಕಿದರೆ ನೊರೆ ಬರುತ್ತಿತ್ತು. ಈಗ ಬೋರ್‌ವೆಲ್ಲಿನ ಗಡಸು ನೀರಲ್ಲಿ ಸೋಪಿನ ಜಿಡ್ಡು ಮುಖಕ್ಕೇ ಅಂಟಿ ಕೆರಳಿಸುತ್ತದೆ. ರಾತ್ರಿ ಒಂದು ಸ್ಟೀಲ್ ಪಾತ್ರೆಯಲ್ಲಿ ನೀರು ಚೆನ್ನಾಗಿ ಕುದಿಸಿ, ಮುಚ್ಚಿಟ್ಟುಬಿಡಿ. ಬೆಳಿಗ್ಗೆ ಅಲುಗಾಡಿಸದೆ ಮೇಲಿನ ನೀರನ್ನಷ್ಟೇ ಸೌಟಿನಿಂದ ತೆಗೆಯಿರಿ, ತಳದ ಸುಣ್ಣ ಏಳಬಾರದು. ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇದ್ದರೆ ಅದು ಕುದಿಸಿದರೂ ಹೋಗುವುದಿಲ್ಲ, ಹಾಗಾಗಿ ಇದು ಮುಖಕ್ಕೆ ಮಾತ್ರ, ಕುಡಿಯಲು ಬೇಡ. ಪಾತ್ರೆಗೆ ಹಿಡಿದ ಬಿಳಿ ಪದರಕ್ಕೆ ನೆನೆಸಿದ ಹುಣಸೆಹಣ್ಣು ಸವರಿಟ್ಟು ತೊಳೆಯಿರಿ, ಕಬ್ಬಿಣದ ನಾರಿನಿಂದ ಗೀರಿ ಹಾಳು ಮಾಡಬೇಡಿ.

ಉರಿ ತಣಿಸಲು ಮುಖದ ಮೇಲೆ ಹಾಕುವ ಬಟ್ಟೆ ಹಳೇ ಪಂಚೆಯದೇ ಆಗಬೇಕು, ಒಗೆದೊಗೆದು ಮೆತ್ತಗಾದದ್ದು. ಅಂಗೈಯಗಲ ಹರಿದುಕೊಳ್ಳಿ, ಅಂಚು ಹೊಲಿಯಬೇಡಿ, ದಾರ ಚುಚ್ಚುತ್ತದೆ. ಬಟ್ಟೆ ಮೆತ್ತಗಾಗಲು ಹಾಕುವ ಘಮಘಮಿಸುವ ಕಂಫರ್ಟ್ ನೀರಲ್ಲಿ ಅದ್ದಬೇಡಿ. ಕುದಿಸಿ ಆರಿಸಿಟ್ಟ ಆ ನೀರಲ್ಲಿ ನೆನೆಸಿ, ತೊಟ್ಟಿಕ್ಕದಷ್ಟು ಹಿಂಡಿ, ಕೆನ್ನೆ ಮೇಲೆ ಸುಮ್ಮನೆ ಹರಡಿ. ಒತ್ತಬೇಡಿ, ಉಜ್ಜಬೇಡಿ. ಬಟ್ಟೆ ಬೆಚ್ಚಗಾಯಿತೋ, ತೆಗೆದು ಮತ್ತೆ ಅದ್ದಿ. ಉರಿ ತಗ್ಗುವವರೆಗೆ ಮೂರ್ನಾಲ್ಕು ಸಲ. ಐಸ್ ಬೇಡವೇ ಬೇಡ. ಆಮೇಲೆ ಒಣಬಟ್ಟೆ ತಾಗಿಸಿ ತೇವ ಹೀರಿಸಿ. ಬಿಗಿದಂತಾದರೆ ವಾಸನೆಯಿಲ್ಲದ ಮಾಯಿಶ್ಚರೈಸರ್ ಬೇಳೆಕಾಳಿನಷ್ಟು ಸಾಕು. ನಿಂಬೆ, ಕಡಲೆಹಿಟ್ಟಿನ ಸ್ಕ್ರಬ್, ಟೂತ್‌ಪೇಸ್ಟ್, ಎಣ್ಣೆ ಯಾವುದೂ ಬೇಡ.

ಟ್ಯೂಬನ್ನು ತಿಂಗಳುಗಟ್ಟಲೆ ಹಚ್ಚಿದ್ದರೆ ತಾವೇ ಒಮ್ಮೆಲೇ ನಿಲ್ಲಿಸದೆ ಚರ್ಮದ ಡಾಕ್ಟರ ಹತ್ತಿರ ಹೋಗಿ, ಟ್ಯೂಬನ್ನೂ ಒಯ್ದು ತೋರಿಸಿ. ಕಣ್ಣು ಉರಿದು ಕೆಂಪಾದರೆ ಕಾಯಬೇಡಿ. ಅವರು ಮೆಟ್ರೊನಿಡಜೋಲ್ ಜೆಲ್ ಕೊಟ್ಟಾರು, ಇಲ್ಲವೇ ಡಾಕ್ಸಿಸೈಕ್ಲಿನ್ ಮಾತ್ರೆ. ಮಾತ್ರೆಯನ್ನು ತುಂಬು ಲೋಟ ನೀರಲ್ಲಿ ನುಂಗಿ, ತಕ್ಷಣ ಮಲಗಬೇಡಿ, ಗಂಟಲು ಸುಡುತ್ತದೆ. ಬಿಸಿಲಿಗೂ ಮೈ ಬೇಗ ಸುಡುತ್ತದೆ. ಬಸುರಿಯಾಗಿದ್ದರೆ ಮೊದಲೇ ಹೇಳಿ. ವಾಸಿಯಾಗಲು ವಾರಗಟ್ಟಲೆ ಬೇಕು, ಎರಡೇ ದಿನಕ್ಕೆ ಡಾಕ್ಟರನ್ನು ಬದಲಿಸಬೇಡಿ.